ಕೀ ಮೇಲಿಂದ ಏಳದ ಬೆರಳು

ಕೋವಿಡ್ ಮುಗಿದು ವಿಮಾನಗಳು ಮತ್ತೆ ಸರಿಯಾಗಿ ಹಾರತೊಡಗಿದ್ದ ಮರುವರ್ಷ ಅದು. ನಾನಾಗ ಕುವೈತ್‌ನ ಒಂದು ಸಣ್ಣ ಸಾಫ್ಟ್‌ವೇರ್ ಕಂಪನಿಯಲ್ಲಿ ಸೀನಿಯರ್ ಡೆವಲಪರ್ ಆಗಿದ್ದೆ. ಈಗಲೂ ಅಲ್ಲೇ ಇದ್ದೇನೆ. ಕ್ಲಿನಿಕ್ಕುಗಳಿಗೆ ಬೇಕಾದ ಪ್ರೋಗ್ರಾಂ ಬರೆಯುವುದು, ಮಾರುವುದು, ಮಾರಿದ ಮೇಲೆ ಬೈಸಿಕೊಳ್ಳುವುದು ನಮ್ಮ ಕಂಪನಿಯ ಕೆಲಸ. ಬೈಸಿಕೊಳ್ಳುವ ಭಾಗ ಹೆಚ್ಚಾಗಿ ನನ್ನ ಪಾಲಿಗೇ ಬರುತ್ತಿತ್ತು. ಸ್ಕ್ರೀನಿನ ಮೇಲೆ ಕಾಣುವ ಕಿಟಕಿ, ಗುಂಡಿ, ಅಂಕಿ ತುಂಬುವ ಚೌಕಗಳನ್ನೆಲ್ಲ ಬರೆದವನು ನಾನೇ. ಜನರ ಕೈಗೆ ಸಿಗುವುದು ಆ ಭಾಗವಾದ್ದರಿಂದ ಬೈಗುಳವೂ ಅಲ್ಲಿಗೇ ಬರುವುದು ನ್ಯಾಯ.

ನಮ್ಮ ಗಿರಾಕಿಗಳಲ್ಲಿ ಮೀನಾ ಅಬ್ದುಲ್ಲಾ ಎಂಬ ಕೈಗಾರಿಕಾ ಪ್ರದೇಶದ ಒಂದು ಖಾಸಗಿ ಕ್ಲಿನಿಕ್ ಇತ್ತು. ಶುಐಬಾ ಮತ್ತು ಮೀನಾ ಅಬ್ದುಲ್ಲಾದ ಕಾರ್ಖಾನೆಗಳಲ್ಲಿ ದುಡಿಯುವ ಕಾಂಟ್ರಾಕ್ಟ್ ಕಾರ್ಮಿಕರನ್ನು ಬೆಳಿಗ್ಗೆ ಬಸ್ಸುಗಳಲ್ಲಿ ತಂದು ಅಲ್ಲಿ ಇಳಿಸುತ್ತಾರೆ. ತೂಕ, ರಕ್ತದೊತ್ತಡ, ಸಕ್ಕರೆ, ಕಿವಿ, ಕಣ್ಣು ಎಲ್ಲ ನೋಡಿ, ಕೆಲಸಕ್ಕೆ ಫಿಟ್ ಹೌದೋ ಅಲ್ಲವೋ ಎಂದು ಬರೆದು ಕಳಿಸುತ್ತಾರೆ. ಡಾಕ್ಟರು ನರ್ಸು ಹೇಳಿದ ಅಂಕಿಗಳನ್ನೆಲ್ಲ ನಮ್ಮ ಪ್ರೋಗ್ರಾಮಿಗೆ ತುಂಬುವ ಮೇಜು ಐರಿನಕ್ಕನದು.

ಐರಿನಕ್ಕ ಕಿನ್ನಿಗೋಳಿ ಕಡೆಯ ಕೊಂಕಣಿ ಕ್ರೈಸ್ತರು. ನಾನು ಬಂಟ್ವಾಳದ ಬ್ಯಾರಿ. ನನ್ನ ಮನೆಮಾತು ಅವರಿಗೆ ಬಾರದು, ಅವರ ಮನೆಮಾತು ನನಗೆ ಅರ್ಧ ಬರುತ್ತದೆ, ಹಾಗಾಗಿ ನಮ್ಮ ನಡುವೆ ಕನ್ನಡವೇ. ಕ್ಲಿನಿಕ್ಕಿನಲ್ಲಿ ಬಹಳ ಹಳಬರು ಅವರು. ಗಂಡನ ಕಂಪನಿ ಕೋವಿಡ್ ಹೊತ್ತಿಗೆ ಬಾಗಿಲು ಹಾಕಿ, ಗಂಡ ಬೆನ್ನುನೋವು ಕಟ್ಟಿಕೊಂಡು ಊರು ಸೇರಿದ್ದರು. ಮಗಳು ಶರಲ್ ಮಂಗಳೂರಿನಲ್ಲಿ ಡಿಗ್ರಿ ಓದುತ್ತಿದ್ದಳು. ಇಡೀ ಮನೆ ನಿಂತಿದ್ದು ಐರಿನಕ್ಕನ ಕೆಲಸದ ಮೇಲೆ. ಇಲ್ಲಿ ಕೆಲಸ ಹೋಯಿತೆಂದರೆ ಇಕಾಮಾ ಹೋಯಿತು, ಅಂದರೆ ಈ ದೇಶದಲ್ಲಿ ನಿಲ್ಲುವ ಪರವಾನಗಿಯೇ ಹೋಯಿತು. ಅಬು ಹಲೀಫಾದಲ್ಲಿ ಅವರ ಫ್ಲ್ಯಾಟು ನನ್ನ ಬಿಲ್ಡಿಂಗಿನ ಹಿಂದಿನ ಬೀದಿಯಲ್ಲೇ ಇತ್ತು. ಕ್ರಿಸ್‌ಮಸ್‌ಗೆ ಅವರ ಮನೆಯ ಕುಸ್ವಾರ್ ತಿಂಡಿಗಳು, ಈದಿಗೆ ನಮ್ಮ ಮನೆಯ ಬಿರಿಯಾನಿ, ಹೀಗೆ ಡಬ್ಬಗಳು ಓಡಾಡುತ್ತಿದ್ದವು.

ಒಂದು ದಿನ ಅವರೇ ಫೋನು ಮಾಡಿದರು.

“ಎಂತ ಮಾರಾಯ ನಜೀರ್, ನಿನ್ನ ಪ್ರೋಗ್ರಾಮಿಗೆ ದೆವ್ವ ಹಿಡಿದಿದೆಯಾ? ನಾನು ಒಂದು ಒತ್ತಿದ್ರೆ ಅದು ಎರಡು, ಮೂರು ಬರೀತದೆ. ಅಳಿಸ್ಲಿಕ್ಕೆ ಹೋದ್ರೆ ಪೂರಾ ಅಳಿಸಿ ಬಿಡ್ತದೆ.”

ನಾನು ನಕ್ಕು, ಮುಂದಿನ ವಾರ ಬರುತ್ತೇನೆ ಎಂದೆ. ಮುಂದಿನ ವಾರದವರೆಗೆ ಕಾಯುವ ಹಾಗಿರಲಿಲ್ಲ. ಅಷ್ಟರಲ್ಲಿ ಒಂದು ಎಡವಟ್ಟು ಆಗಿಹೋಗಿತ್ತು. ರಕ್ತದೊತ್ತಡ ಹೆಚ್ಚಿದ್ದ ಒಬ್ಬ ಕ್ರೇನ್ ಡ್ರೈವರ್ ಒಂದು ತಿಂಗಳ ಬಳಿಕ ಮತ್ತೆ ಬರಬೇಕು ಎಂದು ಡಾಕ್ಟರು ಹೇಳಿದ್ದರು. ಐರಿನಕ್ಕ ಒಂದು ಎಂದೇ ಒತ್ತಿದ್ದರು. ಚೀಟಿಯಲ್ಲಿ ಬಂದದ್ದು ಹನ್ನೊಂದು ತಿಂಗಳು. ತಪ್ಪಾದ ಸಕ್ಕರೆ, ತಪ್ಪಾದ ತೂಕ ತುಂಬಿದರೆ ಪ್ರೋಗ್ರಾಂ ಕೆಂಪು ಮಾಡಿ ತಡೆಯುತ್ತದೆ. ಹನ್ನೊಂದು ತಿಂಗಳು ಎಂಬುದು ಅಸಾಧ್ಯವಾದ ಅಂಕಿಯಲ್ಲವಲ್ಲ, ತಡೆಯಲಿಲ್ಲ. ಡ್ರೈವರ್ ಬಾಗಿಲು ದಾಟುವ ಮೊದಲೇ ನರ್ಸ್ ನೋಡಿ ಸರಿಪಡಿಸಿದ್ದರಿಂದ ಯಾರಿಗೂ ಏನೂ ಆಗಲಿಲ್ಲ. ಆದರೆ ಸುದ್ದಿ ಮುದೀರ್ ಕಿವಿಗೆ ಬಿತ್ತು.

ಮುದೀರ್ ಎಂದರೆ ಮ್ಯಾನೇಜರ್. ತಾರೆಕ್ ಎಂಬ ಈಜಿಪ್ಟಿನವರು, ಕೆಟ್ಟವರೇನಲ್ಲ, ಆದರೆ ಅವರಿಗೆ ಯಾವುದೇ ವಿಷಯದಲ್ಲಿ ಅರ್ಧ ಹೌದು ಅರ್ಧ ಅಲ್ಲ ಎಂಬ ಉತ್ತರ ಆಗಿಬರುವುದಿಲ್ಲ. ನನ್ನನ್ನು ಕರೆಸಿ ಇಂಗ್ಲಿಷಿನಲ್ಲಿ ಕೇಳಿದರು.

“ನನಗೆ ಒಂದೇ ಮಾತು ಬೇಕು. ತಪ್ಪು ಪ್ರೋಗ್ರಾಮಿನದಾ, ಆ ಲೇಡಿಯದಾ? ಪ್ರೋಗ್ರಾಮಿನದಾದರೆ ನೀನು ರಿಪೇರಿ ಮಾಡು. ಅವರದಾದರೆ ಕಾಂಟ್ರಾಕ್ಟ್ ಮುಗಿಯುತ್ತಾ ಬಂತು, ನಾನು ಬೇರೆಯವರನ್ನು ನೋಡುತ್ತೇನೆ. ಖಲಾಸ್.”

ಹೀಗೆ ಐರಿನಕ್ಕನ ಕೆಲಸ ನನ್ನ ಕೈಗೆ ಬಂದು ಬಿತ್ತು.

ಇಲ್ಲಿ ಸ್ವಲ್ಪ ಕಸುಬಿನ ಮಾತು ಹೇಳಬೇಕು. ಕೀಬೋರ್ಡಿನ ಒಂದು ಕೀಯನ್ನು ಒತ್ತಿ ಬೆರಳು ತೆಗೆಯದೆ ಹಾಗೇ ಹಿಡಿದು ನೋಡಿ. ಮೊದಲು ಒಂದು ಅಕ್ಷರ ಬರುತ್ತದೆ. ಒಂದು ಸಣ್ಣ ಬಿಡುವು. ಆಮೇಲೆ ಅದೇ ಅಕ್ಷರ ಸಾಲಾಗಿ ಸುರಿಯುತ್ತದೆ. ಇದಕ್ಕೆ ಆಟೊ ರಿಪೀಟ್ ಎನ್ನುತ್ತಾರೆ. ಬೆರಳು ಇನ್ನೂ ಅಲ್ಲೇ ಇದೆ, ಹಾಗಾದರೆ ಇವರಿಗೆ ಇದೇ ಮತ್ತೆ ಬೇಕಾಗಿರಬೇಕು ಎಂದು ಕಂಪ್ಯೂಟರ್ ತಾನೇ ತೀರ್ಮಾನ ಮಾಡುತ್ತದೆ. ಪುಟ ಕೆಳಗೆ ಸರಿಸಲು, ಉದ್ದ ಸಾಲು ಅಳಿಸಲು ಅದರಿಂದ ಉಪಯೋಗವಿದೆ. ಕೀ ಒತ್ತಿದಾಗಲೆಲ್ಲ ಪ್ರೋಗ್ರಾಮಿಗೆ ಒಂದು ಇವೆಂಟ್, ಅಂದರೆ ‘ಇಂಥದ್ದು ಆಯಿತು’ ಎಂಬ ಸುದ್ದಿ ಬರುತ್ತದೆ. ಹಿಡಿದಿಟ್ಟಾಗಲೂ ಅದೇ ಸುದ್ದಿ ಮತ್ತೆ ಮತ್ತೆ ಬರುತ್ತದೆ. ಹೊಸದಾಗಿ ಒತ್ತಿದ್ದೋ, ಹಿಡಿದದ್ದರ ಮರುಕಳಿಕೆಯೋ ಎಂದು ತಿಳಿಯಲು ಸುದ್ದಿಯ ಜೊತೆಗೇ ಒಂದು ಗುರುತು ಇರುತ್ತದೆ. ಆ ಗುರುತನ್ನು ನೋಡುವ ಶ್ರಮ ನಮ್ಮಲ್ಲಿ ಹೆಚ್ಚಿನವರು ತೆಗೆದುಕೊಳ್ಳುವುದಿಲ್ಲ. ನಾನೂ ತೆಗೆದುಕೊಂಡಿರಲಿಲ್ಲ.

ಒಂದು ಸಣ್ಣ ಪರೀಕ್ಷೆಯ ಕಿಟಕಿ ಬರೆದುಕೊಂಡು ಹೋದೆ. ಹೊಸದಾಗಿ ಒತ್ತಿದ ಅಂಕಿ ಹಸಿರಾಗಿ ಕಾಣುತ್ತದೆ, ಮರುಕಳಿಸಿ ಬಂದದ್ದು ಹಳದಿಯಾಗಿ. ಬಸ್ಸುಗಳೆಲ್ಲ ಹೋದ ಮೇಲೆ ಐರಿನಕ್ಕನ ಪಕ್ಕ ಸ್ಟೂಲು ಹಾಕಿಕೊಂಡು ಕೂತೆ. ಮೊದಲು ನಾನೇ ಟೈಪ್ ಮಾಡಿದೆ. ಎಲ್ಲ ಹಸಿರು. ರಿಸೆಪ್ಶನಿನ ಫಿಲಿಪಿನೊ ಹುಡುಗಿ ಮಾಡಿದಳು. ಹಸಿರು. ಐರಿನಕ್ಕ ಮಾಡಿದರು. ಎಡಗೈ ಒತ್ತಿದ್ದೆಲ್ಲ ಹಸಿರು. ಬಲಗೈ ಒತ್ತಿದ ಕಡೆ ಒಂದು ಹಸಿರು, ಅದರ ಹಿಂದೆ ಹಳದಿಯ ಬಾಲ. ಕೀಬೋರ್ಡು ಬದಲಿಸಿ ಹೊಸದು ಹಾಕಿದೆ. ಬಾಲ ಹಾಗೇ ಇತ್ತು.

“ಹಳದಿ ಎಂದ್ರೆ ಎಂತದು?” ಎಂದು ಕೇಳಿದರು.

“ಬೆರಳು ಒತ್ತಿದ ಮೇಲೆ ಏಳ್ಲಿಕ್ಕೆ ತಡ ಆದ್ರೆ ಹಳದಿ ಬರ್ತದೆ ಐರಿನಕ್ಕ. ನಿಮ್ಮ ಕೈಗೆ ಎಂತ ಆಗಿದೆ?”

ಅವರು ಬಲಗೈಯನ್ನು ಮೇಜಿನಿಂದ ತೆಗೆದು ಮಡಿಲಲ್ಲಿಟ್ಟುಕೊಂಡರು.

“ಎಂತ ಇಲ್ಲ. ಈ ಏಸಿ ಉಂಟಲ್ಲ, ಸೀದಾ ನನ್ನ ಕೈ ಮೇಲೆಯೇ ಬೀಳ್ತದೆ. ಬೆರಳು ಮರಗಟ್ಟಿ ಹೋಗ್ತದೆ.”

“ಇಲ್ಲೇ ಡಾಕ್ಟ್ರು ಇದ್ದಾರಲ್ಲ, ಒಮ್ಮೆ ತೋರಿಸ್ಬಾರ್ದಾ?”

“ಇಲ್ಲಿ ಯಾಕೆ ಮಾರಾಯ. ಊರಿಗೆ ಹೋದಾಗ ತೋರಿಸುವ.”

ಈ ಮಾತು ಗಲ್ಫಿನಲ್ಲಿ ಬದುಕಿದ ನಮ್ಮವರಿಗೆಲ್ಲ ಚೆನ್ನಾಗಿ ಗೊತ್ತು. ನಮ್ಮ ಹಲ್ಲು, ಮಂಡಿ, ಕಿಡ್ನಿಯ ಕಲ್ಲು ಎಲ್ಲವೂ ವರ್ಷಕ್ಕೊಮ್ಮೆ ರಜೆಯ ವಿಮಾನ ಹತ್ತಿ ಹೋಗಿ ಊರಿನ ಡಾಕ್ಟರಿಗೇ ಮುಖ ತೋರಿಸಬೇಕು. ಇಲ್ಲಿ ತೋರಿಸಿದರೆ ಫೈಲಾಗುತ್ತದೆ, ಫೈಲಾದರೆ ಕಂಪನಿಗೆ ಗೊತ್ತಾಗುತ್ತದೆ, ಗೊತ್ತಾದರೆ ಮುಂದಿನ ಕಾಂಟ್ರಾಕ್ಟು ಬರುತ್ತದೋ ಇಲ್ಲವೋ ಎಂಬುದು ಎಲ್ಲರ ಒಳಗಿನ ಹೆದರಿಕೆ. ಅದು ಎಷ್ಟು ನಿಜ, ಎಷ್ಟು ಸುಳ್ಳು ಎಂದು ಯಾರೂ ಪರೀಕ್ಷಿಸಲು ಹೋಗುವುದಿಲ್ಲ. ಆ ಹೊತ್ತಿನಲ್ಲಿ ನನ್ನ ದವಡೆಯಲ್ಲೇ ಊರಿಗೆಂದು ಕಾದಿರಿಸಿದ ಒಂದು ಹುಳುಕು ಹಲ್ಲು ಇತ್ತು. ಹಾಗಾಗಿ ಐರಿನಕ್ಕನ ಉತ್ತರದಲ್ಲಿ ನನಗೆ ವಿಚಿತ್ರವೇನೂ ಕಾಣಲಿಲ್ಲ. ದಿನಕ್ಕೆ ನೂರಾರು ಜನರ ಮೆಡಿಕಲ್ ಬರೆಯುವ ಮೇಜಿನಲ್ಲಿ ಕೂತು ಆಕೆ ಈ ಮಾತು ಹೇಳುತ್ತಿದ್ದಾರಲ್ಲ ಎಂದೂ ಹೊಳೆಯಲಿಲ್ಲ.

ಇದಕ್ಕೆ ಸರಿಯಾದ ದಾರಿ ಕಂಪ್ಯೂಟರಿನಲ್ಲೇ ಇತ್ತು. ಬೆರಳು ತಡವಾಗಿ ಏಳುವವರಿಗೆ, ಕೈ ನಡುಗುವವರಿಗೆ ಎಂದೇ ಆಪರೇಟಿಂಗ್ ಸಿಸ್ಟಂನಲ್ಲಿ ಒಂದು ಸೌಲಭ್ಯ ಇರುತ್ತದೆ. ಅದನ್ನು ಹಾಕಿದರೆ ಮರುಕಳಿಸಿದ ಒತ್ತುಗಳನ್ನೆಲ್ಲ ಕಂಪ್ಯೂಟರೇ ಕೈಬಿಡುತ್ತದೆ. ಆದರೆ ಕ್ಲಿನಿಕ್ಕಿನ ಕಂಪ್ಯೂಟರುಗಳ ಸೆಟ್ಟಿಂಗಿಗೆಲ್ಲ ಅವರ ಐಟಿ ವಿಭಾಗದ ಬೀಗ. ತೆಗೆಸಬೇಕಾದರೆ ಕಾರಣ ಬರೆದು ಕಳಿಸಬೇಕು. ಐರಿನಕ್ಕನಿಗೆ ಅದನ್ನು ವಿವರಿಸಿದೆ.

“ಕಾರಣ ಎಂತ ಬರೀತೀ?”

“ಈ ಮೇಜಿನವರಿಗೆ ಟೈಪ್ ಮಾಡ್ಲಿಕ್ಕೆ ಕಷ್ಟ ಆಗ್ತದೆ ಅಂತ.”

“ಅದು ಬೇಡ ನಜೀರ್.” ಧ್ವನಿ ತಗ್ಗಿಸಿದರು. “ಶರಲಿಗೆ ಇನ್ನು ಎರಡು ವರ್ಷ ಉಂಟು. ಅಲ್ಲಿವರೆಗೆ ಒಂದು ನಡೀಲಿ. ನಿನ್ನ ಪ್ರೋಗ್ರಾಮಿನ ಒಳಗೇ ಎಂತಾದ್ರೂ ಮಾಡ್ಲಿಕ್ಕೆ ಆಗುದಿಲ್ವಾ?”

ಆಗುತ್ತಿತ್ತು. ಹಾಗೆ ನೋಡಿದರೆ ಅದು ನಾನು ಮೊದಲೇ ಮಾಡಬೇಕಾಗಿದ್ದ ಕೆಲಸ. ಅಂಕಿ ತುಂಬುವ ಚೌಕದಲ್ಲಿ ಯಾರೂ ಬೇಕೆಂದೇ ಕೀಯನ್ನು ಹಿಡಿದಿಡುವುದಿಲ್ಲ. ಮರುಕಳಿಕೆಯ ಗುರುತು ಇರುವ ಇವೆಂಟುಗಳನ್ನೆಲ್ಲ ಅಲ್ಲಿ ಬಿಟ್ಟುಬಿಡು ಎಂದು ನಾಲ್ಕು ಸಾಲು ಬರೆದರೆ ಮುಗಿಯಿತು. ಅಳಿಸುವ ಕೀಗೂ ಅದೇ ನಿಯಮ. ಅವತ್ತೇ ಬರೆದು ಎಲ್ಲ ಮೇಜುಗಳಿಗೂ ಹಾಕಿದೆ. ತಾರೆಕ್ ಸಾಹೇಬರ ಬಳಿ ಹೋಗಿ, ತಪ್ಪು ಪ್ರೋಗ್ರಾಮಿನದೇ, ರಿಪೇರಿ ಆಯಿತು ಎಂದೆ. ಅದರಲ್ಲಿ ಸುಳ್ಳಿರಲಿಲ್ಲ, ಪೂರ್ತಿ ನಿಜವೂ ಇರಲಿಲ್ಲ. ಅವರು ನನ್ನ ಬೆನ್ನು ತಟ್ಟಿ ಚಹಾ ತರಿಸಿದರು. ಹೊರಗೆ ಬಂದಾಗ ಐರಿನಕ್ಕ ಎದ್ದು ನಿಂತು ಎರಡೂ ಕೈಯಲ್ಲಿ ನನ್ನ ಕೈ ಹಿಡಿದರು. ಒಬ್ಬರ ಅನ್ನ ಉಳಿಸಿದ ಖುಷಿಯಲ್ಲಿ ಅಬು ಹಲೀಫಾದವರೆಗೂ ಕಾರಿನಲ್ಲಿ ಹಾಡು ಹಾಕಿಕೊಂಡು ಬಂದೆ. ಅವರ ಬಲಗೈ ಎಡಗೈಗಿಂತ ಬಿರುಸಾಗಿತ್ತು ಎಂಬುದು ನೆನಪಾದದ್ದು ಬಹಳ ಕಾಲದ ಮೇಲೆ.

ಕೆಲವು ತಿಂಗಳು ಸುದ್ದಿ ಇರಲಿಲ್ಲ. ಆಮೇಲೆ ರಮಳಾನಿನಲ್ಲಿ, ಆಫೀಸು ಬೇಗ ಮುಗಿಯುವ ದಿನಗಳಲ್ಲಿ, ಅವರ ವಾಯ್ಸ್ ಮೆಸೇಜು ಬಂತು. ಮತ್ತೆ ಎರಡೆರಡು ಬರುತ್ತಿದೆಯಂತೆ. ಹೋಗಿ ಪರೀಕ್ಷೆಯ ಕಿಟಕಿ ತೆರೆದೆ. ಈ ಸಲ ಹಳದಿ ಇರಲಿಲ್ಲ. ಒಂದರ ಪಕ್ಕ ಇನ್ನೊಂದು ಹಸಿರೇ ಇತ್ತು. ಅಂದರೆ ಬೆರಳು ನಿಜವಾಗಿಯೇ ಎರಡು ಸಲ ಒತ್ತುತ್ತಿದೆ. ಏಳುವ ದಾರಿಯಲ್ಲಿ ಒಮ್ಮೆ ಅದುರಿ ಮತ್ತೆ ಕೀಗೆ ತಾಗುತ್ತಿದೆ.

ಇದಕ್ಕೂ ಉಪಾಯವಿದೆ. ಒಂದು ಕೀ ಒತ್ತಿದ ಮೇಲೆ ಇಷ್ಟು ಹೊತ್ತಿನೊಳಗೆ ಅದೇ ಕೀ ಮತ್ತೆ ಒತ್ತಿದರೆ ಲೆಕ್ಕಕ್ಕೆ ತೆಗೆದುಕೊಳ್ಳಬೇಡ ಎಂದು ಪ್ರೋಗ್ರಾಮಿಗೆ ಹೇಳಬಹುದು. ಆ ‘ಇಷ್ಟು ಹೊತ್ತು’ ಎಷ್ಟು ಎಂಬುದನ್ನು ನಾವೇ ನಿಗದಿ ಮಾಡಬೇಕು. ಬೇರೆ ಮೇಜಿನವರಿಗೆ ತೊಂದರೆಯಾಗದ ಹಾಗೆ ಐರಿನಕ್ಕನ ಮೇಜಿಗೆ ಮಾತ್ರ ಒಂದು ಸೆಟ್ಟಿಂಗ್ ಇಟ್ಟು, ಸೆಕೆಂಡಿನ ಐದನೇ ಒಂದು ಪಾಲು ಎಂದು ಹಾಕಿದೆ. ಅದುರಿದ ಒತ್ತು ಮಾಯವಾಯಿತು. ನನ್ನ ಉಪಾಯ ನನಗೇ ಬಹಳ ಹಿಡಿಸಿತ್ತು. ಆಫೀಸಿನಲ್ಲಿ ಕಿರಿಯರಿಗೆ ಅದನ್ನು ಪಾಠದ ಹಾಗೆ ವಿವರಿಸಿದ್ದೂ ಉಂಟು.

ಆ ವರ್ಷದ ಕ್ರಿಸ್‌ಮಸ್‌ಗೆ ಮುಂಚೆ ಇನ್ನೊಂದು ಮೆಸೇಜು ಬಂತು. “ಆ ಟೈಮು ಉಂಟಲ್ಲ, ಅದನ್ನು ಸ್ವಲ್ಪ ಜಾಸ್ತಿ ಮಾಡ್ತೀಯಾ?” ಕೂತಲ್ಲಿಂದಲೇ ಸೆಕೆಂಡಿನ ಮೂರನೇ ಒಂದು ಪಾಲಿಗೆ ಏರಿಸಿದೆ. ಹಬ್ಬದ ಮರುದಿನ ಅವರ ಡಬ್ಬ ಬಂತು. ತೆರೆದರೆ ಒಳಗೆ ಬೇಕರಿಯ ಕೇಕು. ಐರಿನಕ್ಕನ ನೆವ್ರಿ, ಅಂದರೆ ಕರ್ಜಿಕಾಯಿ, ಎಂದರೆ ನಮ್ಮ ಮನೆಯಲ್ಲಿ ಜಗಳ ಆಗುವಂಥದ್ದು. ಅರ್ಧಚಂದ್ರದ ಹಾಗೆ ಮಡಚಿ, ಅಂಚನ್ನು ಬೆರಳಲ್ಲಿ ಸಣ್ಣ ಸಣ್ಣದಾಗಿ ಹಿಸುಕಿ ಜಡೆಯ ಹಾಗೆ ಮಾಡಿರುತ್ತಿದ್ದರು. ಖಾಲಿ ಡಬ್ಬ ವಾಪಸು ಕೊಡಲು ಹೋದಾಗ ತಮಾಷೆ ಮಾಡಿದೆ.

“ಏನು ಐರಿನಕ್ಕ, ಈ ಸಲ ನೆವ್ರಿಗೆ ವೀಸಾ ಸಿಗಲಿಲ್ವಾ?”

“ಯಾರಿಗೆ ಟೈಮು ಉಂಟು ಮಾರಾಯ,” ಎಂದು ನಕ್ಕರು. ಬಲಗೈ ಚೂಡಿದಾರದ ಶಾಲಿನೊಳಗಿತ್ತು.

“ಕೈ ಹೇಗುಂಟು?”

“ಕೈಗೆ ಎಂತ, ಕೈ ಉಂಟು. ನೀನು ನಿನ್ನ ಹಲ್ಲು ನೋಡಿಕೊ. ಕೆನ್ನೆ ಬೀಗಿದೆ.”

ಇಬ್ಬರೂ ನಕ್ಕೆವು. ನಾನು ಮತ್ತೆ ಕೇಳಲಿಲ್ಲ. ಮತ್ತೆ ಕೇಳಿದ್ದರೆ ನಿಜ ಹೇಳಿಬಿಟ್ಟಾರು, ಹೇಳಿದರೆ ನಾನೇನಾದರೂ ಮಾಡಬೇಕಾದೀತು ಎಂಬ ಹೆದರಿಕೆ ಒಳಗೆಲ್ಲೋ ಇತ್ತೆಂದು ಈಗ ಅನ್ನಿಸುತ್ತದೆ. ಆ ಸಲ ಅವರು ರಜೆಗೂ ಹೋಗಲಿಲ್ಲ. ಮಗಳ ಕೊನೆಯ ಪರೀಕ್ಷೆಯ ಹೊತ್ತಿಗೆ ಹೋಗಿ ಜೊತೆಯಲ್ಲಿರಬೇಕು ಎಂದು ರಜೆಯನ್ನು ಕೂಡಿಟ್ಟರು. ಹಾಗೆ ಊರಿಗೆ ಹೋಗುವುದೂ ಮುಂದೆ ಹೋಯಿತು, ತೋರಿಸುವುದೂ ಮುಂದೆ ಹೋಯಿತು.

ಮರುವರ್ಷ ಧೂಳಿನ ಗಾಳಿ ಎದ್ದು ಮಧ್ಯಾಹ್ನವೇ ಕಾರಿನ ದೀಪ ಹಾಕಿಕೊಂಡು ಓಡಾಡುವ ದಿನಗಳಲ್ಲಿ ಆ ಟೈಮನ್ನು ಇನ್ನೂ ಹೆಚ್ಚಿಸಲು ಕೇಳಿದರು. ಅರ್ಧ ಸೆಕೆಂಡಿಗಿಂತ ಹೆಚ್ಚು ಮಾಡಿದೆ. ಹಾಗೆ ಮಾಡಿದಾಗ ಒಂದು ಹೊಸ ತೊಂದರೆ ಬರುತ್ತದೆ. ನಿಜವಾಗಿಯೇ ಎಪ್ಪತ್ತೇಳು ಎಂದು ಬರೆಯಬೇಕಾದಾಗ ಎರಡನೆಯ ಏಳನ್ನು ಬೇಗ ಒತ್ತಿದರೆ ಪ್ರೋಗ್ರಾಂ ಅದನ್ನೂ ಅದುರಿದ ಒತ್ತೆಂದು ಬಿಟ್ಟುಬಿಡುತ್ತದೆ. ನಡುವೆ ಕಾಯಬೇಕು. ಎಷ್ಟು ಹೊತ್ತು ಕಾಯುವುದು ಎಂದು ಅವರು ಕೇಳಿದರು. ಬಾಯಲ್ಲಿ ಯಾವುದಾದರೂ ಎರಡಕ್ಷರ ನಿಧಾನವಾಗಿ ಹೇಳುವಷ್ಟು ಎಂದೆ.

ಅವರು ‘ಜೆಜು’ ಎಂಬುದನ್ನು ಆರಿಸಿಕೊಂಡರು. ಕೊಂಕಣಿಯಲ್ಲಿ ಅವರು ಯೇಸುವನ್ನು ಕರೆಯುವುದು ಹಾಗೆ. ಏಳು, ಜೆಜು, ಏಳು. ಎಂಟು, ಜೆಜು, ಎಂಟು. ಬಸ್ಸಿನಿಂದಿಳಿದು ಸಾಲು ನಿಂತ ಕಾರ್ಮಿಕರಿಗೆ ಈ ಅಮ್ಮ ತಮಗಾಗಿ ಪ್ರಾರ್ಥನೆ ಮಾಡುತ್ತಿದ್ದಾರೆ ಎಂದು ಕಂಡಿತಂತೆ. ಒಬ್ಬ ಆಂಧ್ರದ ವೆಲ್ಡರ್ ಫಿಟ್ ಆದ ಮೇಲೆ ಬಂದು ಕೈ ಮುಗಿದು ಹೋದನಂತೆ. ಇದನ್ನು ನನಗೆ ಹೇಳಿ ಐರಿನಕ್ಕ ಕಣ್ಣಲ್ಲಿ ನೀರು ಬರುವಷ್ಟು ನಕ್ಕಿದ್ದರು. ನಾನೂ ನಕ್ಕಿದ್ದೆ. ಅವರ ಕಣ್ಣಿನ ನೀರು ಪೂರ್ತಿ ನಗುವಿನದೇ ಆಗಿತ್ತೋ ಎಂದು ಈಗ ಸಂಶಯ.

ಆ ಬೇಸಿಗೆಯಲ್ಲಿ ಅವರು ಕೂಡಿಟ್ಟ ರಜೆ ಹಾಕಿ ಊರಿಗೆ ಹೋದರು. ಶರಲಿನ ಪರೀಕ್ಷೆ ಮುಗಿಯಿತು. ಒಂದು ಶುಕ್ರವಾರ ಬೆಳಿಗ್ಗೆ, ನಾನು ಜುಮಾ ನಮಾಜಿಗೆ ಹೊರಡುವ ಮೊದಲು, ಅವರ ಫೋನು ಬಂತು.

“ನಜೀರ್, ಪುರ್ಸೊತ್ತು ಉಂಟಾ?”

“ಹೇಳಿ ಐರಿನಕ್ಕ.”

“ಡಾಕ್ಟ್ರಿಗೆ ತೋರಿಸಿದೆ. ಪಾರ್ಕಿನ್ಸನ್ಸ್ ಅಂತೆ.”

ಅದು ನರದ ಕಾಯಿಲೆ. ಕೈಕಾಲು ಬಿರುಸಾಗುತ್ತದೆ, ಚಲನೆ ನಿಧಾನವಾಗುತ್ತದೆ, ನಡುಕ ಬರುತ್ತದೆ. ಹೆಚ್ಚಾಗಿ ದೇಹದ ಒಂದು ಬದಿಯಲ್ಲಿ ಶುರುವಾಗುತ್ತದೆ. ಇಷ್ಟು ನನಗೂ ಗೊತ್ತಿತ್ತು. ಕ್ಲಿನಿಕ್ಕಿನ ಪ್ರೋಗ್ರಾಮಿನಲ್ಲಿ ಕಾಯಿಲೆಗಳ ಹೆಸರು ತುಂಬಿದವನೇ ನಾನು. ಅವರೇ ಮುಂದುವರಿಸಿದರು.

“ಡಾಕ್ಟ್ರು ಕೇಳ್ತಾರೆ, ಇದು ಯಾವಾಗಿಂದ, ಹೇಗೆ ಹೇಗೆ ಜಾಸ್ತಿ ಆಯ್ತು ಅಂತ. ನಂಗೆ ಸರಿ ಹೇಳ್ಲಿಕ್ಕೆ ಬರುದಿಲ್ಲ ಮಾರಾಯ. ಇವರಿಗೂ ಗೊತ್ತಿಲ್ಲ, ಶರಲಿಗೂ ಗೊತ್ತಿಲ್ಲ. ನಿಂಗೆ ಗೊತ್ತುಂಟಲ್ಲ?”

ನನಗೆ ಗೊತ್ತಿತ್ತು. ಗಂಡನಿಗೆ, ಮಗಳಿಗೆ, ಪಕ್ಕದ ಕೋಣೆಯಲ್ಲೇ ಕೂರುವ ಡಾಕ್ಟರಿಗೆ ಗೊತ್ತಿಲ್ಲದ್ದು ನನಗೆ ಗೊತ್ತಿತ್ತು. ಶುರುವಿನಲ್ಲಿ ಬೆರಳು ಏಳಲು ತಡ ಆಗುತ್ತಿತ್ತು, ಬಲಗೈ ಮಾತ್ರ, ಎಡಗೈ ಸರಿ ಇತ್ತು ಎಂದೆ. ರಮಳಾನಿಗೆ ಅದುರಲು ಶುರುವಾಯಿತು ಎಂದೆ. ಕ್ರಿಸ್‌ಮಸ್ ಹೊತ್ತಿಗೆ ಹೆಚ್ಚಾಯಿತು, ನೆವ್ರಿ ಮಾಡಲಿಲ್ಲ ಎಂದೆ. ಧೂಳಿನ ಕಾಲಕ್ಕೆ ಅರ್ಧ ಸೆಕೆಂಡೂ ಸಾಲುತ್ತಿರಲಿಲ್ಲ ಎಂದೆ. ಆ ಕಡೆ ಶರಲ್ ಒಂದೊಂದನ್ನೇ ಬರೆದುಕೊಳ್ಳುತ್ತಿದ್ದಳು. “ಅಂಕಲ್, ವನ್ಸ್ ಮೋರ್,” ಎಂದು ಕೇಳಿ ಬರೆದುಕೊಂಡಳು. ಒಬ್ಬರ ಕಾಯಿಲೆ ಹೇಗೆ ಬೆಳೆಯಿತು ಎಂಬುದನ್ನು ನಾನು ಇಷ್ಟು ದಿನ ಅಳೆಯುತ್ತಲೇ ಇದ್ದೆ. ಅಳೆದು, ಅಷ್ಟಕ್ಕೆ ತಕ್ಕಂತೆ ಪ್ರೋಗ್ರಾಮಿನಲ್ಲಿ ಮುಚ್ಚುತ್ತಾ ಬಂದಿದ್ದೆ.

ತಿಂಗಳೊಪ್ಪತ್ತಿನ ಮೇಲೆ ಮತ್ತೆ ಮಾತಾಡಿದೆವು. ಈ ಸಲ ಅವರ ಧ್ವನಿ ಹಗುರಾಗಿತ್ತು.

“ಮಾತ್ರೆ ತಗೊಂಡು ಸ್ವಲ್ಪ ದಿನಕ್ಕೆ ಬೆರಳಿನ ಬಿಗಿ ಬಿಟ್ಟಿತು ನೋಡು. ಬೆಳಿಗ್ಗೆ ಬಟ್ಟೆಯ ಗುಂಡಿ ನಾನೇ ಹಾಕ್ತೇನೆ. ಡಾಕ್ಟ್ರು ಹೇಳಿದ್ರು, ಮೊದಲೇ ಬಂದಿದ್ರೆ ಕಾಯಿಲೆ ನಿಲ್ತಿರಲಿಲ್ಲ, ಆದ್ರೆ ಈ ಎರಡು ವರ್ಷ ಇಷ್ಟು ಕಷ್ಟ ಪಡಬೇಕಿರಲಿಲ್ಲ ಅಂತ. ಮಾತ್ರೆ ತಗೊಂಡು ಆರಾಮಾಗಿ ಕೆಲಸ ಮಾಡಬಹುದಿತ್ತು ಅಂತ.”

“ಐರಿನಕ್ಕ, ನಾನು ಅವತ್ತೇ ನಿಮ್ಮನ್ನು ಎಳ್ಕೊಂಡು ಹೋಗಬೇಕಿತ್ತು.”

“ನೀನು ಎಳೆದ್ರೆ ನಾನು ಬರ್ತಿದ್ನಾ?” ಎಂದರು. “ನಂಗೆ ಅಂದಾಜು ಇತ್ತು ನಜೀರ್. ಎಷ್ಟು ವರ್ಷ ಕ್ಲಿನಿಕ್ಕಲ್ಲಿ ಕೂತವಳು ನಾನು. ನಿಂಗೆ ಹೇಳಿದ್ರೆ ನೀನು ಪ್ರೋಗ್ರಾಂ ಮಾಡಿ ಕೊಡ್ತಿರಲಿಲ್ಲ, ಅದಕ್ಕೇ ಏಸಿ ಅಂತ ಹೇಳಿದ್ದು.”

ಇದನ್ನು ಕೇಳಿ ಮನಸ್ಸು ಹಗುರಾಗಬೇಕಿತ್ತು. ಆಗಲಿಲ್ಲ. ಅವರು ಕೆಲಸ ಉಳಿಸಿಕೊಳ್ಳಲು ಕಾಯಿಲೆ ಮುಚ್ಚಿಟ್ಟರು. ಕಾಯಿಲೆ ಮುಚ್ಚಿಡಲು ನನ್ನ ನಾಲ್ಕು ಸಾಲು ಸಹಾಯ ಮಾಡಿತು. ಮುಚ್ಚಿಡದೆ ಇದ್ದಿದ್ದರೆ ಮಾತ್ರೆಯೇ ಅವರ ಕೆಲಸ ಉಳಿಸುತ್ತಿತ್ತು, ನನ್ನ ಪ್ರೋಗ್ರಾಮಿನ ಹಂಗೇ ಬೇಕಿರಲಿಲ್ಲ. ಅದನ್ನು ಒಬ್ಬ ಡಾಕ್ಟರು ಹತ್ತು ನಿಮಿಷದಲ್ಲಿ ಹೇಳುತ್ತಿದ್ದರು, ಮತ್ತು ಆ ಡಾಕ್ಟರು ಅವರ ಮೇಜಿನಿಂದ ಹದಿನೈದು ಹೆಜ್ಜೆ ದೂರದಲ್ಲಿ ಇದ್ದರು. ಮಗಳ ಓದು ಮುಗಿಯಿತು ಎಂಬುದೊಂದೇ ಸಮಾಧಾನ. ಅವರು ಮತ್ತೆ ಕುವೈತಿಗೆ ಬರಲಿಲ್ಲ. ಬರಬೇಕೆಂದು ಆಸೆ ಇತ್ತು, ಮಾತ್ರೆಯಲ್ಲಿ ಕೈ ನಡೆಯುತ್ತಿದೆಯಲ್ಲ, ಇನ್ನೆರಡು ವರ್ಷ ದುಡಿಯಬಹುದು ಎಂದು ನನ್ನ ಮೂಲಕವೇ ಕೇಳಿಸಿದರು. ಅಷ್ಟರಲ್ಲಿ ರಜೆ ಮುಗಿದು ಬಹಳ ದಿನವಾಗಿತ್ತು. ಇನ್ನೂ ಸ್ವಲ್ಪ ಮೊದಲು ಹೇಳಿದ್ದರೆ ಜಾಗ ಕಾದಿಡುತ್ತಿದ್ದೆ ಎಂದರು ತಾರೆಕ್ ಸಾಹೇಬರು. ಅವರ ಮುಖ ನೋಡಿದರೆ ಅದು ಬಾಯುಪಚಾರದ ಮಾತು ಅನ್ನಿಸಲಿಲ್ಲ. ಎರಡು ವರ್ಷ ಯಾರಿಗೆ ಹೆದರಿ ಬಾಯಿ ಮುಚ್ಚಿಕೊಂಡಿದ್ದೆವೋ ಅವರೇ ಹೀಗೆ ಹೇಳಿದಾಗ ನನಗೆ ಕೂರಲೂ ಆಗಲಿಲ್ಲ, ನಿಲ್ಲಲೂ ಆಗಲಿಲ್ಲ.

ಕೆಲಸ ಕಲಿಸಿದ್ದೇನು ಎಂದು ಯಾರಾದರೂ ಕೇಳಿದರೆ ನಾನು ಹೇಳುವುದು ಇಷ್ಟೇ. ಅನಗತ್ಯವಾದದ್ದನ್ನು ಬಿಟ್ಟುಬಿಡು ಎಂದು ಪ್ರೋಗ್ರಾಮಿಗೆ ಹೇಳುವುದು ಸುಲಭ, ಆದರೆ ಅದು ಯಾಕೆ ಬರುತ್ತಿದೆ ಎಂದು ಮೊದಲು ಆ ಮನುಷ್ಯನನ್ನು ಕೇಳಬೇಕು, ಒಂದು ಸಲ ಸುಳ್ಳು ಉತ್ತರ ಬಂದರೆ ಎರಡನೆಯ ಸಲವೂ ಕೇಳಬೇಕು. ಈಗ ಯಾರಾದರೂ ಅಕ್ಷರ ಎರಡೆರಡು ಬರುತ್ತದೆ, ಮೌಸು ಜಾರುತ್ತದೆ, ಸ್ಕ್ರೀನು ಮಸುಕಾಗಿದೆ ಎಂದು ದೂರು ಕೊಟ್ಟರೆ ಮೊದಲು ಅವರ ಕೈ ನೋಡುತ್ತೇನೆ, ಕಣ್ಣು ನೋಡುತ್ತೇನೆ. ಊರಿಗೆ ಹೋದಾಗ ತೋರಿಸುವ ಎಂದರೆ, ಬನ್ನಿ, ಇವತ್ತೇ ಹೋಗುವ ಎಂದು ಕಾರು ತೆಗೆಯುತ್ತೇನೆ. ಇಬ್ಬರು ಬೈದಿದ್ದಾರೆ, ಒಬ್ಬರು ಬಂದಿದ್ದಾರೆ. ನನ್ನ ಹಲ್ಲನ್ನೂ ಇಲ್ಲೇ ಕೀಳಿಸಿದೆ.

ಐರಿನಕ್ಕನ ಮೇಜಿಗೆ ಕೇರಳದ ಬಿನ್ಸಿ ಎಂಬವರು ಬಂದರು. ಬಂದ ವಾರದಲ್ಲೇ ದೂರು ಕೊಟ್ಟರು. “ಸಾರ್, ಈ ಸಿಸ್ಟಂ ತುಂಬ ಸ್ಲೋ. ಎಪ್ಪತ್ತೇಳು ಹೊಡೆದರೆ ಏಳು ಮಾತ್ರ ಬರುತ್ತದೆ.” ಕೇಳಿದ ಕೂಡಲೇ ಕಾರಣ ಗೊತ್ತಾಯಿತು. ಆ ಮೇಜಿನ ಸೆಟ್ಟಿಂಗ್ ಇನ್ನೂ ಹಾಗೇ ಇತ್ತು. ಆಫೀಸಿನಿಂದಲೇ ತೆಗೆಯಬಹುದಿತ್ತು, ಆದರೂ ಮೀನಾ ಅಬ್ದುಲ್ಲಾದವರೆಗೆ ಹೋದೆ. ಬಿನ್ಸಿಯನ್ನು ಏಳಿಸಿ ಆ ಕುರ್ಚಿಯಲ್ಲಿ ಕೂತೆ. ಮೇಲೆ ಏಸಿ ಇತ್ತು. ಅದರ ಗಾಳಿ ಬೀಳುತ್ತಿದ್ದುದು ಹಿಂದಿನ ಗೋಡೆಯ ಮೇಲೆ. ಕೈಗೆ ತಾಗುತ್ತಲೇ ಇರಲಿಲ್ಲ.

ಸೆಟ್ಟಿಂಗ್ ಅಳಿಸಿದೆ. ಸರಿಯಾಯಿತೇ ಎಂದು ನೋಡಲು ಅಂಕಿಯ ಚೌಕದಲ್ಲಿ ಏಳು ಒತ್ತಿದೆ. ಇನ್ನು ಕಾಯಬೇಕಾಗಿರಲಿಲ್ಲ. ಆದರೂ ಬೆರಳು ಕೀ ಮೇಲೆ ಹಾಗೇ ನಿಂತಿತು. ಬಾಯಲ್ಲಿ ‘ಜೆಜು’ ಎಂದು ಬಂತು. ಬಿನ್ಸಿ ನನ್ನನ್ನು ವಿಚಿತ್ರವಾಗಿ ನೋಡಿದರು. ಆಮೇಲೆ ಎರಡನೆಯ ಏಳನ್ನು ಒತ್ತಿ, ಕುರ್ಚಿ ಬಿಟ್ಟು ಎದ್ದೆ.